ಅತ್ತೆ ಕೂರುವ ಬಲಗಡೆ

ಅತ್ತೆ ಸೊಸೆ ಒಂದೇ ಸೂರಿನಡಿ ಬಾಳುವುದೇ ಕಷ್ಟ ಎಂದು ನಿಟ್ಟುಸಿರು ಬಿಡುವವರು ಈ ಮನೆಯನ್ನು ನೋಡಬೇಕಿತ್ತು. ಇಲ್ಲಿ ಅತ್ತೆ ಸೊಸೆ ಒಂದೇ ಸೂರಿನಡಿ ಇದ್ದದ್ದಷ್ಟೇ ಅಲ್ಲ, ಒಂದೇ ಬೆಂಚಿನ ಮೇಲೆ ಭುಜಕ್ಕೆ ಭುಜ ತಾಗಿಸಿ ಕೂತು ಒಂದೇ ಪಿಯಾನೋವನ್ನು ನಾಲ್ಕು ಕೈಗಳಿಂದ ನುಡಿಸುತ್ತಿದ್ದರು. ಅದು ಹೇಗಿರುತ್ತದೆ ಎಂದು ಯಾರಾದರೂ ಕೇಳಿದರೆ ಸೊಸೆ ನಕ್ಕು ಸುಮ್ಮನಾಗುತ್ತಿದ್ದಳು. ಅತ್ತೆ ಪಕ್ಕದ ಕೋಣೆಯಲ್ಲಿರಲಿ, ಪಕ್ಕದ ಊರಿನಲ್ಲಿರಲಿ, ಅವಳ ಬಾಯಿಂದ ಒಂದು ಮಾತು ಹೊರಡುತ್ತಿರಲಿಲ್ಲ.

ಕಾರಣ ಹೆದರಿಕೆ. ಗೌರವ, ಭಕ್ತಿ ಎಂದು ಊರಿನವರು ಅದಕ್ಕೆ ಒಳ್ಳೊಳ್ಳೆಯ ಹೆಸರು ಕೊಟ್ಟಿದ್ದರು, ಆದರೆ ಅದು ಶುದ್ಧ ಹೆದರಿಕೆಯೇ.

ಅವಳು ಆ ಮನೆಗೆ ಮೊದಲು ಬಂದದ್ದು ಸೊಸೆಯಾಗಿ ಅಲ್ಲ. ಕಾಲು ಪೆಡಲ್‌ಗೆ ಎಟುಕದ ವಯಸ್ಸಿನಲ್ಲಿ, ಪಾಠದ ಪುಸ್ತಕ ಎದೆಗವಚಿಕೊಂಡು, ಶಿಷ್ಯೆಯಾಗಿ. ಆಗ ಅತ್ತೆ ಬರೀ ಟೀಚರ್. ತಪ್ಪು ಕೀ ಒತ್ತಿದರೆ ಬೈಯುತ್ತಿರಲಿಲ್ಲ, ಹೊಡೆಯುತ್ತಲೂ ಇರಲಿಲ್ಲ. ಕನ್ನಡಕದ ಮೇಲಿನಿಂದ ಒಮ್ಮೆ ನೋಡುತ್ತಿದ್ದರು. ಆ ನೋಟಕ್ಕಿಂತ ಎರಡೇಟು ಬಿದ್ದರೆ ವಾಸಿ ಎನಿಸುತ್ತಿತ್ತು ಮಕ್ಕಳಿಗೆ. ಪಿಯಾನೋ ಸರಿಯಿಲ್ಲ ಎಂದು ಯಾರಾದರೂ ನೆಪ ತೆಗೆದರೆ, "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ" ಎನ್ನುತ್ತಿದ್ದರು, ಅಷ್ಟೇ. ಇಷ್ಟೆಲ್ಲ ಗೊತ್ತಿದ್ದೂ ದೊಡ್ಡವಳಾದ ಮೇಲೆ ಅವಳು ಟೀಚರ ಮಗನನ್ನೇ ಮದುವೆಯಾದಳು. ಹುಲಿಯ ಗುಹೆಗೆ ಯಾರೋ ತಳ್ಳಿದರು ಎಂದರೆ ಅಯ್ಯೋ ಪಾಪ ಎನ್ನಬಹುದು. ಇವಳು ನಗುನಗುತ್ತ ತಾನೇ ನಡೆದುಹೋದವಳು. ಹುಲಿಯ ಮಗ ಅಷ್ಟು ಸಾಧು ಪ್ರಾಣಿ.

ಈಗ ಊರಿಗೆಲ್ಲ ಅತ್ತೆ ದೊಡ್ಡ ಟೀಚರ್, ಸೊಸೆ ಚಿಕ್ಕ ಟೀಚರ್. ಚಿಕ್ಕ ಟೀಚರ ತಲೆಯಲ್ಲಿ ನರೆ ಬಂದಿದ್ದರೂ ಆ ಹೆಸರು ಹೋಗಿರಲಿಲ್ಲ. ವರ್ಷಕ್ಕೊಮ್ಮೆ ಊರಿನ ಸಂಗೀತೋತ್ಸವದಲ್ಲಿ ಇಬ್ಬರೂ ಸೇರಿ ನುಡಿಸುವುದು ರೂಢಿ. ಬೆಂಚಿನ ಬಲಗಡೆ ಅತ್ತೆ, ಎಡಗಡೆ ಸೊಸೆ. ಬಲಗಡೆ ಕೂತವರ ಪಾಲಿಗೆ ಪಿಯಾನೋದ ತೆಳುವಾದ, ಎತ್ತರದ ಸ್ವರಗಳು, ಎಂದರೆ ರಾಗವೆಲ್ಲ ಅವರದ್ದು. ಎಡಗಡೆ ಕೂತವರದ್ದು ಕೆಳಗಿನ ದಪ್ಪ ಸ್ವರಗಳು, ಜೊತೆಗೆ ಕಾಲಡಿಯ ಪೆಡಲ್, ಜೊತೆಗೆ ಪುಸ್ತಕದ ಹಾಳೆ ತಿರುವುವ ಕೆಲಸ. ಮನೆಯಲ್ಲಿಯೂ ಕೆಲಸದ ಹಂಚಿಕೆ ಹೆಚ್ಚುಕಡಿಮೆ ಹೀಗೆಯೇ ಇತ್ತು.

ಉತ್ಸವದ ದಿನ ಬೆಳಿಗ್ಗೆ ಇಬ್ಬರೂ ಸಭಾಂಗಣಕ್ಕೆ ಹೋದರು. ಈ ವರ್ಷ ಹೊಸ ಪಿಯಾನೋ ಬಂದಿತ್ತು. ಹಳೆಯದರ ಪೆಡಲ್ ಒತ್ತಿದರೆ ಬಾಗಿಲು ಕಿರುಗುಟ್ಟಿದಂತೆ ಸದ್ದಾಗುತ್ತಿತ್ತು. ಟ್ಯೂನರ್ ಆಗಲೇ ಬಂದು ತಂತಿಗಳನ್ನೆಲ್ಲ ಬಿಗಿಮಾಡಿ, ಉಪಕರಣಗಳನ್ನು ಬಟ್ಟೆಯಲ್ಲಿ ಸುತ್ತಿಡುತ್ತಿದ್ದ. ಕೆಲಸದವರು ಕುರ್ಚಿಗಳನ್ನು ಸಾಲಾಗಿ ಜೋಡಿಸುತ್ತಿದ್ದರು. ಅತ್ತೆ ಬೆಂಚಿನ ಮೇಲೆ ಕೂತು, ಬಲಗೈಯನ್ನು ಕೀಗಳ ತುತ್ತತುದಿಗೆ ಒಯ್ದು, ಒಂದೊಂದಾಗಿ ಒತ್ತುತ್ತ ಹೋದರು. ಅವರ ಹುಬ್ಬು ಗಂಟಿಕ್ಕಿತು.

"ಇದೇನ್ರೀ ಇದು, ಮೇಲಿನ ಸ್ವರಗಳಿಗೆ ಜೀವಾನೇ ಇಲ್ವಲ್ಲ. ಒಳಗೆ ಹತ್ತಿ ತುಂಬಿದ್ದೀರಾ?"

ಟ್ಯೂನರ್ ತಿರುಗಿ ನೋಡಿದ. "ಯಾವುದಮ್ಮಾ?"

"ಯಾವುದು ಅಂದ್ರೆ? ಇದು, ಇದು, ಇದು. ಬರೀ ಮರದ ಸದ್ದು. ಟಕ್, ಟಕ್, ಟಕ್."

ಅತ್ತೆ ಒತ್ತಿದ ಮೂರೂ ಸ್ವರಗಳು ಸ್ಟೀಲ್ ಲೋಟಕ್ಕೆ ಚಮಚ ತಾಗಿದ ಹಾಗೆ ಖಣ್ಣೆಂದವು. ಖಾಲಿ ಸಭಾಂಗಣದ ಹಿಂದಿನ ಸಾಲಿನಲ್ಲಿ ಕುರ್ಚಿ ಎತ್ತುತ್ತಿದ್ದವನು ಕೂಡ ತಲೆಯೆತ್ತಿ ಇತ್ತ ನೋಡಿದ. ಬೆಂಚಿನ ಹಿಂದೆ ನಿಂತಿದ್ದ ಸೊಸೆ ಅತ್ತೆಯ ಬೆರಳನ್ನೇ ನೋಡಿದಳು.

ಟ್ಯೂನರ್ ಅತ್ತೆಯನ್ನು ನೋಡಿದ, ಸೊಸೆಯನ್ನು ನೋಡಿದ. ಆಮೇಲೆ ಪಿಯಾನೋದ ಮುಚ್ಚಳದೊಳಗೆ ತಲೆ ಹಾಕಿದ. ಒಂದಷ್ಟು ಹೊತ್ತು ಅಲ್ಲಿ ಏನೋ ಮಾಡುತ್ತಿರುವವನಂತೆ ಕೈಯಾಡಿಸಿದ. ಅವನ ಕೈಯಲ್ಲಿ ಯಾವ ಉಪಕರಣವೂ ಇಲ್ಲದ್ದು ಸೊಸೆಗೆ ಕಾಣುತ್ತಿತ್ತು.

"ಈಗ ನೋಡಿ ಅಮ್ಮಾ."

ಅತ್ತೆ ಮತ್ತೆ ಒತ್ತಿದರು, ಈ ಸಲ ಇನ್ನೂ ಬಲವಾಗಿ. ಸೊಸೆಗೆ ಕಿವಿ ಮುಚ್ಚಿಕೊಳ್ಳುವಂತಾಯಿತು.

"ಹೂಂ, ಪರವಾಗಿಲ್ಲ. ಹೊಸದು ಹೊಸದು ಅಂತ ಕುಣಿದಾಡಿದ್ದೇ ಬಂತು. ಹೋಗ್ಲಿ, ಸಂಜೆ ನಾನೇ ಸ್ವಲ್ಪ ಗಟ್ಟಿಯಾಗಿ ನುಡಿಸ್ತೀನಿ, ಬಿಡಿ."

ಗಟ್ಟಿಯಾಗಿ ನುಡಿಸುತ್ತೇನೆ ಎಂಬ ಆ ಮಾತು ಕೇಳಿ ಸೊಸೆಯ ಜೀವ ಬಾಯಿಗೆ ಬಂತು.

ಮನೆಗೆ ನಡೆದು ಬರುವಾಗ ಒಂದೊಂದೇ ನೆನಪಾಗತೊಡಗಿತು. ಒಲೆಯ ಮೇಲಿನ ಕೆಟಲು ಸಿಳ್ಳೆ ಹೊಡೆಯುತ್ತಲೇ ಇದ್ದು, ನೀರೆಲ್ಲ ಇಂಗಿ ತಳ ಕಪ್ಪಾದರೂ ಅತ್ತೆ ಪಕ್ಕದಲ್ಲೇ ಕೂತು ಪತ್ರಿಕೆ ಓದುತ್ತಿದ್ದದ್ದು. ಪಾಠಕ್ಕೆ ಬರುವ ಪುಟ್ಟ ಮಕ್ಕಳ ಮೇಲೆ ಈಚೆಗೆ ರೇಗುತ್ತಿದ್ದದ್ದು: "ಈಗಿನ ಮಕ್ಕಳೆಲ್ಲ ಮಾತು ನುಂಗ್ತಾರೆ." ಮನೆಯ ಪಿಯಾನೋ ಮುದಿಯಾಯಿತು, ಮೇಲಿನ ಸ್ವರ ಸತ್ತಿದೆ ಎಂದು ಗೊಣಗುತ್ತಿದ್ದದ್ದು. ಮುದಿಯಾದ ಪಿಯಾನೋದ ಬಗ್ಗೆ ಯಾರು ಏನು ಹೇಳಿದರೂ ನಂಬಬಹುದು, ಹಾಗಾಗಿ ಅವಳೂ ನಂಬಿದ್ದಳು. ಆದರೆ ಪೆಟ್ಟಿಗೆಯಿಂದ ಈಗಷ್ಟೇ ಇಳಿದ ಪಿಯಾನೋ ಮುದಿಯಾಗಲು ಸಾಧ್ಯವೇ? ಮಾತು ಕೇಳಿಸುತ್ತದೆ, ಬಾಗಿಲು ಬಡಿದದ್ದು ಕೇಳಿಸುತ್ತದೆ, ದಪ್ಪ ಸ್ವರಗಳು ಕೇಳಿಸುತ್ತವೆ. ಕೇಳಿಸದೇ ಇರುವುದು ಮೇಲಿನ ಆ ತೆಳು ಸ್ವರಗಳು ಮಾತ್ರ. ಜೀವನವಿಡೀ ಅತ್ತೆ ತಮ್ಮವೆಂದು ಕಾಪಾಡಿಕೊಂಡು ಬಂದ ಸ್ವರಗಳು ಅವೇ.

ಸಂಜೆ ನುಡಿಸಬೇಕಾಗಿದ್ದ ಕೃತಿಯಲ್ಲಿ ಎರಡು ಭಾಗ. ಮೊದಲನೆಯದು ಗದ್ದಲದ್ದು, ಅದರಲ್ಲಿ ಏನು ಮಾಡಿದರೂ ನಡೆಯುತ್ತದೆ. ಎರಡನೆಯದು ನಿಧಾನದ್ದು. ಮಗು ಮಲಗಿರುವ ಕೋಣೆಯಲ್ಲಿ ಓಡಾಡಿದಷ್ಟು ಮೆತ್ತಗೆ ನುಡಿಸಬೇಕಾದದ್ದು. ಕೊನೆಗೆ ಸೊಸೆಯ ಕೈಗಳಿಗೆ ಕೆಲಸವೇ ಇಲ್ಲ. ಅತ್ತೆಯೊಬ್ಬರೇ ತುದಿಯ ಕೆಲವು ಸ್ವರಗಳನ್ನು, ಕೇಳಿತೋ ಇಲ್ಲವೋ ಎನ್ನುವಂತೆ, ಬಿಡಿಬಿಡಿಯಾಗಿ ಒತ್ತಿ ಮುಗಿಸಬೇಕು. ಅಲ್ಲಿ ಅತ್ತೆ ಗಟ್ಟಿಯಾಗಿ ನುಡಿಸಿದರೆ? ಹಳೆಯ ಶಿಷ್ಯರೆಲ್ಲ ಬರುತ್ತಾರೆ. ಈ ಊರಿನಲ್ಲಿ ಪಿಯಾನೋ ಮುಟ್ಟಿದ ಬೆರಳುಗಳೆಲ್ಲ ಅತ್ತೆಯ ಕನ್ನಡಕದ ಕೆಳಗೇ ಪಳಗಿದಂಥವು. ಅವರೆಲ್ಲರ ಎದುರು ಅತ್ತೆ ನಗೆಪಾಟಲಾದರೆ, ಆಮೇಲೆ ಯಾರಾದರೂ ಬಂದು ಸಮಾಧಾನ ಹೇಳುವ ದನಿಯಲ್ಲಿ ಕಾರಣ ತಿಳಿಸಿದರೆ, ಅತ್ತೆ ಮನೆಯ ಪಿಯಾನೋಕ್ಕೆ ಬೀಗ ಹಾಕಿ, ಮತ್ತೆ ಅದರ ಹತ್ತಿರ ಸುಳಿಯುವುದಿಲ್ಲ. ಅಷ್ಟರಮಟ್ಟಿಗೆ ಸೊಸೆಗೆ ಅವರ ಸ್ವಭಾವ ಗೊತ್ತಿತ್ತು.

ಹೋದ ವರ್ಷ ಇದೇ ಉತ್ಸವದಲ್ಲಿ ಒಬ್ಬ ವಯಸ್ಸಾದ ಹಾಡುಗಾರರು ದನಿ ನಡುಗಿಸಿಕೊಂಡು, ಶ್ರುತಿ ಬಿಟ್ಟು ಹಾಡಿದ್ದರು. ವಾಪಸು ಬಂದು ಗೇಟಿನ ಬಳಿ ನಿಂತು ಅತ್ತೆ ಒಂದೇ ಮಾತು ಹೇಳಿದ್ದರು: "ಅವರ ಮನೇಲಿ ಹೇಳೋರು ಯಾರೂ ಇರ್ಲಿಲ್ವಾ? ಇದ್ದೂ ಹೇಳಿಲ್ಲ ಅಂದ್ರೆ ಅವರನ್ನ ಕಂಬಕ್ಕೆ ಕಟ್ಟಿ ಹೊಡೀಬೇಕು."

ಹೇಳಿದರೆ ಹುಲಿಯ ಬಾಯಿಗೆ ತಲೆ ಕೊಟ್ಟಂತೆ, ಹೇಳದಿದ್ದರೆ ಕಂಬಕ್ಕೆ ಕಟ್ಟಿಸಿಕೊಂಡಂತೆ. ಅತ್ತ ದರಿ, ಇತ್ತ ಪುಲಿ. ಸೊಸೆ ತಟ್ಟೆಯಲ್ಲಿದ್ದದ್ದನ್ನು ಹಾಗೇ ಬಿಟ್ಟು ಎದ್ದಳು. ಅತ್ತೆ ಚೆನ್ನಾಗಿ ಊಟ ಮಾಡಿ, ಮಧ್ಯಾಹ್ನದ ನಿದ್ದೆಗೆ ಹೋದರು.

ಅವರು ಮಲಗಿದ್ದೇ ತಡ, ಸೊಸೆ ಚಪ್ಪಲಿ ಮೆಟ್ಟಿಕೊಂಡು ಗಂಡನ ಕ್ಲಿನಿಕ್ಕಿಗೆ ಓಡಿದಳು. ಗಂಡ ದಂತವೈದ್ಯ. ಊರಿನವರ ಬಾಯನ್ನೆಲ್ಲ ತೆರೆಸುವ ಅವನು ತಾಯಿಯ ಎದುರು ತನ್ನ ಬಾಯಿ ತೆರೆದದ್ದನ್ನು ಅವಳು ಮದುವೆಯಾದಾಗಿನಿಂದ ಕಂಡಿರಲಿಲ್ಲ. ಒಬ್ಬ ರೋಗಿಯನ್ನು ಕಳಿಸಿ ಇನ್ನೊಬ್ಬರನ್ನು ಕರೆಯುವ ಮುಂಚೆ, ಕೈ ತೊಳೆಯುವ ತೊಟ್ಟಿಯ ಬಳಿ ಅವನನ್ನು ನಿಲ್ಲಿಸಿಕೊಂಡು ಎಲ್ಲ ಹೇಳಿದಳು.

"ಅಮ್ಮಂಗೆ ಕಿವಿ ಕೇಳಿಸಲ್ವಾ? ನಾನು ಮೂರನೇ ಕೋಣೇಲಿ ಗೊಣಗಿದ್ರೂ ಕೇಳಿಸ್ಕೊಂಡು ಬಂದು ಕೇಳ್ತಾಳಲ್ಲೇ!"

"ಎಲ್ಲಾ ಕೇಳಿಸುತ್ತೆ ರೀ. ಮೇಲಿನ ಸ್ವರ ಮಾತ್ರ ಕೇಳಿಸಲ್ಲ. ನಾನು ಕಣ್ಣಾರೆ ನೋಡ್ದೆ. ಕಿವಿಯಾರೆ ಕೇಳ್ದೆ."

ಅವನು ನಲ್ಲಿ ನಿಲ್ಲಿಸುವುದನ್ನು ಮರೆತು ನಿಂತ. ಮುಖ ಸಪ್ಪಗಾಯಿತು. ತಾಯಿಯ ಬಗ್ಗೆ ಅವನಿಗೂ ಕರುಳು ಚುರ್ ಎಂದಿತು, ಅದು ಸುಳ್ಳಲ್ಲ. ಆದರೆ ಮರುಕ್ಷಣ ಬಂದದ್ದು ಬೇರೆ ಯೋಚನೆ.

"ಹಾಗಾದ್ರೆ... ಹೇಳ್ಬೇಕು."

"ಹೇಳ್ಬೇಕು. ಸಂಜೆಯೊಳಗೆ."

"ನೀನು ಹೇಳು. ನೀನು ಅವಳ ಶಿಷ್ಯೆ."

"ನೀವು ಹೇಳಿ. ನೀವು ಅವರ ಮಗ."

"ಅದಕ್ಕೇ ಕಣೇ ನಾನು ಹೇಳಲ್ಲ ಅನ್ನೋದು. ನಂಗೆ ಹುಟ್ಟಿದಾಗಿಂದ ಗೊತ್ತಲ್ಲ ಅವಳು."

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಇಲಿಗಳು ಸಭೆ ಸೇರಿದ ಹಾಗಾಯಿತು. ಅವನು ನಲ್ಲಿ ನಿಲ್ಲಿಸಿ ಕೈ ಒರೆಸಿಕೊಂಡ. "ನಾಳೆ ಇಬ್ಬರೂ ಸೇರಿ ಹೇಳೋಣ" ಎಂದ. ನಾಳೆ ಹೇಳಿ ಏನು ಪ್ರಯೋಜನ ಎಂದು ಅವಳು ಕೇಳುವಷ್ಟರಲ್ಲಿ ಮುಂದಿನ ರೋಗಿ ಕೆನ್ನೆ ಹಿಡಿದುಕೊಂಡು ಒಳಗೆ ಬಂದಾಗಿತ್ತು. ಅವಳಿಗೆ ಗಂಡನ ಮೇಲೆ ಸಿಟ್ಟು ಬಂತು. ತನ್ನ ಮೇಲೂ ಬಂತು. ಆದರೆ ಸಿಟ್ಟಿನಿಂದ ಹೆದರಿಕೆ ಒಂದು ಕೂದಲೆಳೆಯಷ್ಟೂ ಕಡಿಮೆಯಾಗಲಿಲ್ಲ.

ಸಂಜೆ ಗ್ರೀನ್ ರೂಮಿನಲ್ಲಿ ಇಬ್ಬರೇ. ಒಂದು ಕನ್ನಡಿ, ಎರಡು ಕುರ್ಚಿ, ಬಟ್ಟೆ ನೇತುಹಾಕುವ ಗೂಟ. ಅತ್ತೆ ಉಗುರುಬೆಚ್ಚಗಿನ ನೀರಿನ ಬಟ್ಟಲಿನಲ್ಲಿ ಬೆರಳು ಅದ್ದಿ ಕೂತಿದ್ದರು. ನುಡಿಸುವ ಮುಂಚೆ ಅವರು ಯಾವಾಗಲೂ ಹಾಗೆ ಮಾಡುತ್ತಿದ್ದರು. ಆ ಬೆರಳುಗಳ ಗಂಟುಗಳು ಊದಿಕೊಂಡಿದ್ದವು. ಗೋಡೆಯಾಚೆ ಜನ ಬಂದು ಕೂರುವ ಸದ್ದು, ಕುರ್ಚಿ ಎಳೆಯುವ ಸದ್ದು, ಕೆಮ್ಮು.

ಸೊಸೆ ಬಾಗಿಲಿಗೆ ಒರಗಿ ನಿಂತು, ಮಧ್ಯಾಹ್ನದಿಂದ ಜೋಡಿಸಿಟ್ಟುಕೊಂಡಿದ್ದ ಮಾತನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ಹೇಳಿಕೊಂಡಳು. ಬಿಸಿತುಪ್ಪದ ಹಾಗೆ, ನುಂಗಲಾರಳು, ಉಗುಳಲಾರಳು.

"ಅತ್ತೆ..."

"ಏನು? ನುಂಗಬೇಡ. ಬಾಯಿಬಿಟ್ಟು ಹೇಳು."

"ಇವತ್ತು... ನಾನು ಬಲಗಡೆ ಕೂರ್ಲಾ?"

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಜಾಣತನ ಅದು. ಎಷ್ಟೋ ವರ್ಷ ಪಕ್ಕದಲ್ಲಿ ಕೂತು ಕೇಳಿದ್ದರಿಂದ ಅತ್ತೆಯ ಪಾಲು ಅವಳಿಗೂ ಬಾಯಿಪಾಠವಾಗಿತ್ತು. ಜಾಗ ಬದಲಾದರೆ ಸಾಕು, ಕಾರಣ ಹೇಳಬೇಕಾಗಿಲ್ಲ ಎಂದುಕೊಂಡಿದ್ದಳು ಪಾಪ.

ಅತ್ತೆ ಬೆರಳುಗಳನ್ನು ನೀರಿನಿಂದ ತೆಗೆಯಲಿಲ್ಲ. ಕನ್ನಡಿಯಲ್ಲಿ ಅವಳನ್ನು ನೋಡಿದರು, ಕನ್ನಡಕದ ಮೇಲಿನಿಂದ.

"ಯಾಕೆ?"

ಹೇಳಬಹುದಿತ್ತು. ಅತ್ತೆಯೇ ಕೇಳಿ ಮಾತಿನ ಬಾಗಿಲು ತೆರೆದಿದ್ದರು, ಅವಳು ಒಂದು ಹೆಜ್ಜೆ ಇಟ್ಟಿದ್ದರೆ ಸಾಕಿತ್ತು.

"ಸುಮ್ನೆ... ಒಂದು ಬದಲಾವಣೆಗೆ."

ಇದಕ್ಕಿಂತ ಕೆಟ್ಟ ಉತ್ತರ ಹುಡುಕಿದರೂ ಸಿಗುತ್ತಿರಲಿಲ್ಲ. ಅತ್ತೆ ಕೈ ಎತ್ತಿ, ಒಂದೊಂದೇ ಬೆರಳನ್ನು ಟವೆಲಿನಿಂದ ಒರೆಸಿಕೊಂಡರು. ಅವರ ದನಿ ಏರಲಿಲ್ಲ, ಏರಿದ್ದರೆ ಚೆನ್ನಾಗಿತ್ತು.

"ಬದಲಾವಣೆಗೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ನಿನ್ನ ಕಾಲ ಬಂತು ಅಂತ ಯಾರು ಹೇಳಿದ್ರು ನಿಂಗೆ?"

"ಅಯ್ಯೋ, ಹಾಗಲ್ಲ ಅತ್ತೆ..."

"ನಾನು ಸತ್ತ ಮೇಲೆ ಪೂರ್ತಿ ಬೆಂಚು ನಿಂದೇ. ಉರುಳಾಡ್ಕೊಂಡು ನುಡಿಸು. ಅಲ್ಲೀವರೆಗೂ ಎಡಗಡೆ ಕೂರು."

ಹೊರಗೆ ಗಂಟೆ ಬಾರಿಸಿದರು. ಅತ್ತೆ ಎದ್ದು, ಬಟ್ಟೆಯ ನೆರಿಗೆ ಸರಿಮಾಡಿಕೊಂಡು, ಅವಳ ಕಡೆ ತಿರುಗಿಯೂ ನೋಡದೆ ವೇದಿಕೆಗೆ ನಡೆದರು. ಸೊಸೆ ಹಿಂದೆ ಹೋದಳು. ಹೇಳಲಿಲ್ಲ ಎಂಬುದರ ಜೊತೆಗೆ ಈಗ ಅತ್ತೆಯ ಜಾಗಕ್ಕೆ ಕಣ್ಣು ಹಾಕಿದವಳು ಎಂಬ ಹೆಸರೂ ಬಂತು.

ಚಪ್ಪಾಳೆ, ದೀಪ, ಕತ್ತಲಲ್ಲಿ ಮುಖಗಳು. ಮುಂದಿನ ಸಾಲಿನಲ್ಲಿ ಉತ್ಸವದ ಅಧ್ಯಕ್ಷರು, ಅವರ ಮೊಮ್ಮಗಳು, ಹಳೆಯ ಶಿಷ್ಯರು. ಗಂಡ ಬಾಗಿಲ ಹತ್ತಿರದ ಕುರ್ಚಿ ಹಿಡಿದು ಕೂತಿದ್ದ. ಏನಾದರೂ ಆದರೆ ಮೊದಲು ಹೊರಗೋಡುವವನು ಅವನೇ ಇರಬೇಕು. ಅತ್ತೆ ಬಲಗಡೆ ಕೂತರು. ಸೊಸೆ ಎಡಗಡೆ ಕೂತು ಪೆಡಲ್ ಮೇಲೆ ಪಾದವಿಟ್ಟಳು.

ಮೊದಲ ಭಾಗ ಬಿರುಗಾಳಿಯಂತೆ ಹೋಯಿತು. ಅತ್ತೆ ಸಿಟ್ಟಿನಲ್ಲಿದ್ದರು, ಸಿಟ್ಟಿನಲ್ಲಿ ಅವರು ಬಹಳ ಚೆನ್ನಾಗಿ ನುಡಿಸುತ್ತಿದ್ದರು. ಜನ ಮುಂದಕ್ಕೆ ಬಾಗಿ ಕೂತರು. ಏನೂ ಆಗಲಿಕ್ಕಿಲ್ಲ, ತಾನು ಸುಮ್ಮನೆ ಇಲ್ಲದ್ದನ್ನೆಲ್ಲ ಕಲ್ಪಿಸಿಕೊಂಡೆ ಎಂದು ಸೊಸೆಗೆ ಒಂದು ಗಳಿಗೆ ಅನ್ನಿಸಿದ್ದೂ ಉಂಟು.

ಎರಡನೇ ಭಾಗ ಶುರುವಾಯಿತು. ಸೊಸೆ ಕೆಳಗಿನ ಸ್ವರಗಳನ್ನು ಮೆತ್ತಗೆ ಹಾಸಿದಳು. ಅದರ ಮೇಲೆ ಅತ್ತೆಯ ರಾಗ ಬರಬೇಕು. ಬಂತು, ಆದರೆ ಮೇಲಕ್ಕೆ ಹೋದಷ್ಟೂ ಬೆರಳು ಗಟ್ಟಿಯಾಗುತ್ತ ಹೋಯಿತು. ತುದಿಯ ಸ್ವರ ತಲುಪಿದಾಗ ಅದು ಸ್ವರವಾಗಿ ಉಳಿಯಲಿಲ್ಲ, ಮೊಳೆ ಹೊಡೆದ ಹಾಗೆ ಬಿತ್ತು. ಮತ್ತೊಂದು. ಮತ್ತೊಂದು. ಅಧ್ಯಕ್ಷರ ಮೊಮ್ಮಗಳು ಎರಡೂ ಕಿವಿ ಮುಚ್ಚಿಕೊಂಡಳು. ಅವಳ ಕೈಯನ್ನು ಯಾರೋ ಗಡಿಬಿಡಿಯಲ್ಲಿ ಕೆಳಗೆಳೆದರು. ಯಾರಾದರೂ ನಕ್ಕಿದ್ದರೆ ಸೊಸೆಗೆ ಸಿಟ್ಟಾದರೂ ಬರುತ್ತಿತ್ತು. ಯಾರೂ ನಗಲಿಲ್ಲ. ಹಳೆಯ ಶಿಷ್ಯರೆಲ್ಲ ಒಬ್ಬೊಬ್ಬರಾಗಿ ತಲೆ ತಗ್ಗಿಸಿ ತಮ್ಮ ತೊಡೆ ನೋಡಿಕೊಳ್ಳತೊಡಗಿದರು.

ಸದ್ದು ತಗ್ಗಿಸುವ ಎಡ ಪೆಡಲನ್ನು ಅವಳು ಒತ್ತಿದಳು. ಪಿಯಾನೋದ ದನಿ ಸ್ವಲ್ಪ ಒಳಕ್ಕೆ ಹೋಯಿತು. ಕೂಡಲೇ ಪಕ್ಕದಿಂದ, ತುಟಿಯಲ್ಲಾಡದೆ: "ಕಾಲು ತೆಗಿ." ಅವಳು ತೆಗೆದಳು. ಅತ್ತೆ ಇನ್ನೂ ಬಲವಾಗಿ ಕುಟ್ಟಿದರು. ಆಗ ಅವಳು ತನ್ನ ಸ್ವರಗಳನ್ನೇ ಏರಿಸಿದಳು. ಕೆಳಗಿನ ಗದ್ದಲದಲ್ಲಿ ಮೇಲಿನದು ಮುಚ್ಚಿಹೋಗಲಿ, ಚಿಕ್ಕ ಟೀಚರ್‌ಗೆ ಹದ ಗೊತ್ತಿಲ್ಲ ಎಂದು ಜನ ತನ್ನನ್ನೇ ಬೈಯಲಿ ಎಂದು. ಅತ್ತೆ ಅದಕ್ಕೂ ಮೀರಿ ಏರಿಸಿದರು. ಮಗು ಮಲಗಿರಬೇಕಾದ ಕೋಣೆಯಲ್ಲಿ ಅತ್ತೆ ಸೊಸೆ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದ ಹಾಗಿತ್ತು. ಕೊನೆಯ ಹಾಳೆ ಹತ್ತಿರ ಬರುತ್ತಿತ್ತು. ಆ ಹಾಳೆಯ ಕೊನೆಯ ಸಾಲಿನಲ್ಲಿ ಮುಚ್ಚಲು ತನ್ನ ಬಳಿ ಒಂದು ಸ್ವರವೂ ಇಲ್ಲ.

ಆಗ ಅವಳಿಗೆ ಒಂದು ಸಂಗತಿ ಹೊಳೆಯಿತು. ಇಡೀ ಜಗತ್ತಿನಲ್ಲಿ ಅತ್ತೆ ತನ್ನನ್ನು ಬೈಯಲಾರದ ಜಾಗ ಒಂದೇ ಒಂದು ಇದೆ. ಅದು ಈ ಬೆಂಚು, ಇಷ್ಟು ಜನರ ಎದುರು, ಕೃತಿ ಮುಗಿಯುವವರೆಗೆ. ಮುಗಿದ ಮೇಲೆ ಏನಾಗುತ್ತದೆ ಎಂದು ಯೋಚಿಸುವಷ್ಟು ಧೈರ್ಯ ಅವಳಿಗಿರಲಿಲ್ಲ. ಹಾಳೆ ತಿರುವಲು ಅವಳು ಬಲಗೈ ಚಾಚಿ ಮುಂದಕ್ಕೆ ಬಾಗಬೇಕು. ಬಾಗಿದಾಗ ಅವಳ ಬಾಯಿ ಅತ್ತೆಯ ಕಿವಿಯ ಹತ್ತಿರ ಬರುತ್ತದೆ. ಪಿಸುಗುಟ್ಟಿದರೆ ಅವರಿಗೆ ಕೇಳಿಸದು. ಗಂಟಲಿನಿಂದ, ದಪ್ಪ ದನಿಯಲ್ಲಿ ಹೇಳಬೇಕು.

ಬಾಗಿದಳು. ಹಾಳೆಯ ಮೂಲೆ ಬೆರಳಿಗೆ ಸಿಗಲಿಲ್ಲ, ಬೆರಳು ಅಷ್ಟು ಒದ್ದೆಯಾಗಿತ್ತು. ಎರಡನೇ ಸಲಕ್ಕೆ ಸಿಕ್ಕಿತು.

"ಅತ್ತೆ, ಮೇಲಿನ ಸ್ವರ ಎಲ್ಲರಿಗೂ ಕೇಳಿಸ್ತಿದೆ. ನಿಮಗೆ ಮಾತ್ರ ಕೇಳಿಸ್ತಿಲ್ಲ. ಮೆತ್ತಗೆ ನುಡಿಸಿ."

ಹಾಳೆ ತಿರುಗಿತು. ಅವಳು ನೆಟ್ಟಗೆ ಕೂತು ತನ್ನ ಕೈಗಳನ್ನೇ ನೋಡಿದಳು. ಪಕ್ಕದ ಭುಜ ಕಲ್ಲಾಯಿತು. ಅದು ತನ್ನ ಭುಜಕ್ಕೆ ತಾಗಿಕೊಂಡೇ ಇದ್ದದ್ದರಿಂದ ನೋಡದೆಯೂ ಗೊತ್ತಾಯಿತು. ಅತ್ತೆಯ ಬಲಗೈ ಗಾಳಿಯಲ್ಲಿ ಒಂದು ಕ್ಷಣ ನಿಂತಿತು. ಎದ್ದುಹೋಗುತ್ತಾರೆ ಎಂದುಕೊಂಡಳು ಸೊಸೆ. ಇಷ್ಟು ಜನರ ಎದುರು ಬೆಂಚು ಹಿಂದಕ್ಕೆ ಸರಿಸಿ, ಎದ್ದು, ಹೋಗಿಬಿಡುತ್ತಾರೆ. ತಾನು ಈ ಬೆಂಚಿನ ಮೇಲೆ ಒಬ್ಬಳೇ ಉಳಿಯುತ್ತೇನೆ.

ಕೈ ಇಳಿಯಿತು. ಇಳಿದದ್ದು ಮೆತ್ತಗೆ.

ಅತ್ತೆ ಹೋಗಲಿಲ್ಲ. ರಾಗ ಮೇಲಕ್ಕೆ ಹೋಯಿತು, ತಿರುಗಿತು, ಇನ್ನೂ ಮೇಲಕ್ಕೆ ಹೋಯಿತು, ಎಲ್ಲೂ ಸದ್ದು ಏರಲಿಲ್ಲ. ತಮಗೆ ಕೇಳಿಸದ ಸ್ವರಗಳನ್ನು ಅವರು ಬೆರಳಿನ ನೆನಪಿನಿಂದಲೇ ಹುಡುಕಿಕೊಂಡು ಹೋಗುತ್ತಿದ್ದರು, ಕರೆಂಟು ಹೋದಾಗ ಗೋಡೆ ಸವರುತ್ತ ನಡೆದ ಹಾಗೆ. ಮುಂದಿನ ಸಾಲಿನ ತಲೆಗಳು ಒಂದೊಂದಾಗಿ ಮೇಲೆದ್ದವು. ಸೊಸೆಯ ಕಣ್ಣು ಮಂಜಾಯಿತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಪಕ್ಕದ ಭುಜ ನಡುಗುತ್ತಿತ್ತು. ಅತ್ತೆಗೂ ಹೆದರಿಕೆಯಾಗಬಹುದು ಎಂಬುದು ಅವಳಿಗೆ ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ.

ಕೊನೆಯ ಸಾಲು ಬಂತು. ಸೊಸೆ ಎರಡೂ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಅತ್ತೆಯೊಬ್ಬರೇ. ಬಿಡಿಬಿಡಿಯಾದ ಮೂರು ಸ್ವರಗಳು ಉಳಿದಿದ್ದವು. ಅತ್ತೆ ಬೆರಳು ಇಟ್ಟು ಒತ್ತಿದರು. ಕೀ ಕೆಳಗೆ ಹೋಯಿತು, ಮೇಲೆ ಬಂತು. ಸದ್ದೇ ಬರಲಿಲ್ಲ. ಗಟ್ಟಿಯಾದೀತು ಎಂಬ ಭಯದಲ್ಲಿ ಅವರು ಎಷ್ಟು ಮೆಲ್ಲಗೆ ಒತ್ತಿದ್ದರೆಂದರೆ ಒಳಗಿನ ಸುತ್ತಿಗೆ ತಂತಿಯನ್ನು ಮುಟ್ಟಲೇ ಇಲ್ಲ.

ಸಭಾಂಗಣ ಕಾಯುತ್ತಿತ್ತು. ಅತ್ತೆಯ ಬೆರಳು ಮುಂದಿನ ಸ್ವರಕ್ಕೆ ಹೋಗಲಿಲ್ಲ, ಅಲ್ಲೇ ನಿಂತಿತು.

"ಕೇಳಿಸ್ತಾ?" ಎಂದರು ಅತ್ತೆ, ತುಟಿಯಲ್ಲಾಡದೆ.

ಹೂಂ ಎಂದುಬಿಟ್ಟರೆ ಮುಗಿಯಿತು. ಅವರು ಮುಂದಕ್ಕೆ ಹೋಗುತ್ತಾರೆ, ಒಂದು ಸ್ವರ ಬಿಟ್ಟುಹೋದದ್ದು ಯಾರಿಗೂ ತಿಳಿಯುವುದಿಲ್ಲ, ಮನೆಗೆ ಹೋದ ಮೇಲೆ ಬೈಗುಳವೂ ಒಂದಿಷ್ಟು ಕಡಿಮೆಯಾದೀತು.

"ಇಲ್ಲ ಅತ್ತೆ. ಬರ್ಲಿಲ್ಲ."

ಬೆರಳು ಮತ್ತೆ ಇಳಿಯಿತು, ಈ ಸಲ ಕೂದಲೆಳೆಯಷ್ಟು ಹೆಚ್ಚು ಭಾರದಿಂದ. ಸ್ವರ ಎದ್ದು ನಿಂತಿತು, ಸಣ್ಣಗೆ, ಶುದ್ಧವಾಗಿ.

"ಈಗ?"

"ಕೇಳಿಸ್ತು."

"ಸುಳ್ಳು ಹೇಳ್ತಿಲ್ಲ ತಾನೆ?"

"ನಿಮ್ಮ ಹತ್ರ ಸುಳ್ಳು ಹೇಳೋ ಧೈರ್ಯ ನಂಗೆಲ್ಲಿದೆ ಅತ್ತೆ."

ಅತ್ತೆಯ ಮೂಗಿನಿಂದ ಒಂದು ಉಸಿರು ಹೊರಬಂತು. ನಗುವೋ, ಸಿಟ್ಟೋ, ಸೊಸೆಗೆ ತಿಳಿಯಲಿಲ್ಲ. ಎರಡನೇ ಸ್ವರ ಅದೇ ಭಾರದಲ್ಲಿ ಬಿತ್ತು. ಕೊನೆಯದಕ್ಕೆ ಪುಸ್ತಕದಲ್ಲಿ ಒಂದು ಗುರುತಿತ್ತು: ಸದ್ದು ತಾನಾಗಿ ಅಡಗುವವರೆಗೆ ಬೆರಳು ಎತ್ತಬಾರದು. ಅತ್ತೆ ಅದನ್ನು ಒತ್ತಿ ಹಿಡಿದರು. ಹಿಡಿದವರು ಪಿಯಾನೋವನ್ನು ನೋಡಲಿಲ್ಲ, ಜನರನ್ನೂ ನೋಡಲಿಲ್ಲ. ಕತ್ತು ತಿರುಗಿಸಿ ಸೊಸೆಯ ಮುಖವನ್ನು ನೋಡಿದರು. ಕನ್ನಡಕದ ಮೇಲಿನಿಂದಲ್ಲ, ಕನ್ನಡಕದೊಳಗಿನಿಂದಲೇ, ಪಾಠಕ್ಕೆ ಬಂದ ಮಗು ನೋಡಿದ ಹಾಗೆ.

ಸೊಸೆ ಕಿವಿಗೊಟ್ಟು ಕೂತಳು. ಸ್ವರ ಇನ್ನೂ ಇತ್ತು. ಸಣ್ಣಗಾಯಿತು. ಇನ್ನೂ ಸಣ್ಣಗಾಯಿತು. ಇದೆ ಎಂದು ಅವಳು ಕಣ್ಣಲ್ಲೇ ಹೇಳಿದಳು. ಅತ್ತೆ ಬೆರಳು ಎತ್ತಲಿಲ್ಲ. ಅದು ಪೂರ್ತಿ ಅಡಗಿತು. ಆ ಮುಖ ನೋಡಿಕೊಂಡು ಅದನ್ನು ಹೇಳಲು ಬೆಳಗ್ಗಿನಿಂದ ಇದ್ದದ್ದಕ್ಕಿಂತ ಹೆಚ್ಚು ಹೆದರಿಕೆಯಾಯಿತು.

"ಮುಗೀತು ಅತ್ತೆ" ಎಂದಳು.

ಅತ್ತೆ ಬೆರಳು ಎತ್ತಿದರು.